ಬಿಚ್ಚಿ ಕಾಂಬ



ನಮ್ಮ ಕನ್ನಡ ವಿಭಾಗಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ಕಳೆದ ಮಳೆಗಾಲದಲ್ಲಿ ಬಂದ ಒಂದು ಪತ್ರದಲ್ಲಿ ಮಾತ್ರ ಯಾವ ಹಾಡಿನ ಹೆಸರೂ ಇರಲಿಲ್ಲ. ಬರೆದವರು ಅಂಬರನಾಥದ ಒಬ್ಬ ಹಿರಿಯರು, ಮೂಲತಃ ಧಾರವಾಡದ ಕಡೆಯವರು. "ಮೂರು ತಿಂಗಳಾತು ನಿಮ್ಮ ಕಾರ್ಯಕ್ರಮ ಕೇಳಿಲ್ಲ. ತಪ್ಪು ತಿಳೀಬ್ಯಾಡ್ರಿ, ನನ್ನ ರೇಡಿಯೋ ಕೆಟ್ಟದ. ಅಂಗಡಿಯಾಂವ ಭಂಗಾರ್‌ಗೆ ಹಾಕ್ರಿ ಅಂದ. ಮಗ ಮೊಬೈಲ್‌ನಾಗ ಕೇಳು ಅಂತಾನ. ನನಗ ಅದು ಹಿಡಿಸೂದಿಲ್ಲ" ಎಂದು ಬರೆದಿದ್ದರು.

ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಈ 'ಭಂಗಾರ್' ಎಂಬ ಮಾತು ಚಿಕ್ಕಂದಿನಿಂದಲೂ ತಮಾಷೆಯೇ. ಮರಾಠಿಯವರಿಗೆ ಅದು ಗುಜರಿ, ನಮಗೆ ಬಂಗಾರ. ಆದರೆ ಆ ದಿನ ನನಗೆ ನಗು ಬರಲಿಲ್ಲ. ಸ್ಟುಡಿಯೋದಲ್ಲಿ ಕೂತು ಮೈಕಿನ ಮುಂದೆ "ಕೇಳುಗರೇ" ಎಂದು ಕರೆಯುತ್ತೇನಲ್ಲ, ಆ ಕೇಳುಗರಲ್ಲಿ ಒಬ್ಬರು ಮೂರು ತಿಂಗಳಿಂದ ಅಲ್ಲಿ ಇರಲೇ ಇಲ್ಲ. ನಾನು ಎಷ್ಟೇ ಚೆನ್ನಾಗಿ ಓದಲಿ, ಅವರ ಮನೆಯ ಪೆಟ್ಟಿಗೆ ಮೂಕವಾಗಿದ್ದರೆ ನಾನೂ ಮೂಕಿಯೇ.

ಇನ್ನೊಂದು ನಾಚಿಕೆಯ ಸಂಗತಿಯನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ರೇಡಿಯೋದಿಂದಲೇ ಅನ್ನ ತಿನ್ನುವ ನಾನು ಅಲ್ಲಿಯವರೆಗೆ ಒಂದೇ ಒಂದು ರೇಡಿಯೋವನ್ನೂ ಬಿಚ್ಚಿ ನೋಡಿದವಳಲ್ಲ. ನಾನು ಕನ್ನಡ ಬಿ.ಎ. ಓದಿದವಳು. ಸಂಧಿ ಸಮಾಸಗಳನ್ನು ಬಿಡಿಸು ಎಂದರೆ ಬಿಡಿಸಿಯೇನು, ನಾಲ್ಕು ತಿರುಪು ಬಿಚ್ಚು ಎಂದರೆ ಕೈ ಹಿಂದೆ ಸರಿಯುತ್ತಿತ್ತು. ಅದೂ ನಾನು ಯಾರ ಮಗಳು ಎಂದು ತಿಳಿದರೆ ನೀವು ಇನ್ನಷ್ಟು ನಕ್ಕೀರಿ. ನನ್ನ ಅಪ್ಪ ರೇಡಿಯೋ ರಿಪೇರಿಯವರು.

ಅಪ್ಪ ಕುಂದಾಪುರದ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸಕ್ಕೆ ಸೇರಿದರು. ನಿಮ್ಮಲ್ಲಿ ಹಲವರ ಮನೆಯ ಕತೆಯೂ ಇದೇ. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿ ಶಾಲೆ. ಆಮೇಲೆ ರೇಡಿಯೋ ಮೆಕ್ಯಾನಿಕ್ ಕೆಲಸ ಕಲಿತು, ಡೊಂಬಿವಲಿಯಲ್ಲಿ ಒಂದು ಬಾಗಿಲಿನಷ್ಟು ಅಗಲದ ಅಂಗಡಿ ಹಾಕಿದರು. ಗಿರಾಕಿ ಬಂದು "ಇದು ಹಾಳಾಯ್ತು" ಎಂದರೆ ಅಪ್ಪನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಬಿಚ್ಚಿ ಕಾಂಬ." ನಮ್ಮ ಕುಂದಾಪ್ರ ಕನ್ನಡದಲ್ಲಿ 'ಕಾಂಬ' ಎಂದರೆ 'ನೋಡೋಣ' ಎಂದರ್ಥ. ಅಪ್ಪ ಎದುರಿಗಿದ್ದ ಗುಜರಾತಿ ಗಿರಾಕಿಗೂ ಹಾಗೆಯೇ ಹೇಳುತ್ತಿದ್ದರು. ಅವನಿಗೂ ಅರ್ಥವಾಗುತ್ತಿತ್ತು.

ಅಗ್ಗದ ಸೆಟ್ಟುಗಳು ಬಂದವು, ರಿಪೇರಿಗಿಂತ ಹೊಸದೇ ಸಸ್ತಾ ಎಂಬ ಕಾಲ ಬಂತು. ನಾನು ಶಾಲೆಯಲ್ಲಿದ್ದಾಗಲೇ ಅಂಗಡಿ ಮುಚ್ಚಿತು. ಅಪ್ಪ ಒಂದು ಹೌಸಿಂಗ್ ಸೊಸೈಟಿಯಲ್ಲಿ ಪಂಪು, ದೀಪ ನೋಡಿಕೊಳ್ಳುವ ಕೆಲಸ ಹಿಡಿದರು. ಭಾನುವಾರ ಮನೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ಯಾರದೋ ಮಿಕ್ಸರ್, ಯಾರದೋ ಫ್ಯಾನ್ ಬಿಚ್ಚುತ್ತಿದ್ದರು. ನನ್ನ ಗೆಳತಿಯರ ಮನೆಯಲ್ಲಿ ಕೆಟ್ಟದ್ದು ಎಸೆಯುತ್ತಾರೆ, ನಮ್ಮಲ್ಲಿ ಮಾತ್ರ ಎಲ್ಲಕ್ಕೂ ಬೆಸುಗೆ, ಎಲ್ಲಕ್ಕೂ ಟೇಪು. ಅದು ಬಡತನದ ಗುರುತು ಎಂದು ನಾನು ತಿಳಿದಿದ್ದೆ. ಆ ಪೇಪರಿನ ಪಕ್ಕ ಒಂದು ದಿನವೂ ಹೋಗಿ ಕೂರಲಿಲ್ಲ.

ಈಗ ಕೆಲವು ವರ್ಷಗಳಿಂದ ಅಪ್ಪನಿಗೆ ಕೈನಡುಕ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಸಾಮಾನಿನ ತಗಡಿನ ಡಬ್ಬಿಯನ್ನು ತಾವೇ ಲಾಫ್ಟಿನ ಮೇಲೆ ಹಾಕಿಸಿದ್ದರು. ಅಂಬರನಾಥದ ಪತ್ರ ಓದಿ ಹೇಳಿ, "ಅಪ್ಪಾ, ತರಿಸಲಾ?" ಎಂದು ಕೇಳಿದೆ. "ನಂಗ್ ಆತಿಲ್ಲೆ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ನನಗೆ ಆಗುವುದಿಲ್ಲ ಎಂದು ಅಪ್ಪ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಏನೋ ಒಂದು ಹಟ ಬಂತು. "ಕೈ ನನ್ನದು, ತಲೆ ನಿಮ್ಮದು" ಎಂದೆ.

ಹಾಗೆ ಆ ರೇಡಿಯೋ ನಮ್ಮ ಮನೆಗೆ ಬಂತು. ಎರಡು ಬ್ಯಾಂಡಿನ ಹಳೆಯ ಟ್ರಾನ್ಸಿಸ್ಟರ್, ಚರ್ಮದ ಕವಚದೊಳಗೆ. ಕವಚದ ಜೇಬಿನಲ್ಲಿ ಮಡಚಿಟ್ಟ ರೇಡಿಯೋ ಲೈಸೆನ್ಸಿನ ಪುಸ್ತಕ. ಚಿಕ್ಕವರಿಗೆ ಇದು ಗೊತ್ತಿರಲಾರದು. ಒಂದು ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ವರ್ಷಕ್ಕೊಮ್ಮೆ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ. ಹಿರಿಯರು ಆ ಪುಸ್ತಕವನ್ನು ಇನ್ನೂ ಎಸೆದಿರಲಿಲ್ಲ.

ಭಾನುವಾರ ಪೇಪರ್ ಹಾಸಿದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಹಿಂದಿನ ಮುಚ್ಚಳದ ತಿರುಪು ಬಿಚ್ಚುವ ಮೊದಲೇ ಒಂದು ಪಾಠ: ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಪೇಪರಿನ ಮೇಲೆ ಇಡಬೇಕು. ಇನ್ನೊಂದು ಪಾಠ: ಯಾವ ತಂತಿಯನ್ನೂ ಮುಟ್ಟುವ ಮೊದಲು ಚಿತ್ರ ಬರೆದುಕೊಳ್ಳಬೇಕು. ನಾನು ಮೊಬೈಲ್ ತೆಗೆದು ಫೋಟೋ ಹೊಡೆದೆ. "ಫೋಟೋ ಇರಲಿ, ಬರೆ" ಎಂದರು. ಬೇಸರದಿಂದಲೇ ಬರೆದೆ. ಬರೆಯುತ್ತ ಹೋದಾಗ ಅವರ ಮಾತಿನ ಅರ್ಥ ತಿಳಿಯಿತು. ಫೋಟೋ ತೆಗೆದರೆ ಕಣ್ಣು ಹಾದುಹೋಗುತ್ತದೆ, ಬರೆದರೆ ಪ್ರತಿ ತಂತಿಯ ಹಿಂದೆಯೂ ಹೋಗಬೇಕಾಗುತ್ತದೆ. ಕೆಂಪು ತಂತಿ ಎಲ್ಲಿಂದ ಹೊರಟಿತು, ಎಲ್ಲಿಗೆ ಮುಟ್ಟಿತು? ಅರ್ಧ ಗಂಟೆಯಲ್ಲಿ, ಆವರೆಗೆ ಒಂದು ಹಾಳು ಮಂಡಿಯಂತೆ ಕಂಡದ್ದು ಊರಿನಂತೆ ಕಂಡಿತು: ಇದು ಸೆಲ್ಲಿನ ಮನೆ, ಇದು ಸ್ಪೀಕರಿನ ಓಣಿ, ಇದು ವಾಲ್ಯೂಮಿನ ತಿರುವು.

ಒಟ್ಟು ನಾಲ್ಕು ಕಾಯಿಲೆ ಸಿಕ್ಕವು. ಸೆಲ್ಲುಗಳು ಸೋರಿ ಸ್ಪ್ರಿಂಗುಗಳಿಗೆ ಹಸಿರು ತುಕ್ಕು ಹಿಡಿದಿತ್ತು. ವಾಲ್ಯೂಮ್ ಕಂಟ್ರೋಲಿನೊಳಗೆ ಧೂಳು ಕೂತು ತಿರುಗಿಸಿದರೆ ಕರಕರ ಸದ್ದು. ಡಯಲಿನ ಮುಳ್ಳನ್ನು ಎಳೆಯುವ ದಾರ ತುಂಡಾಗಿತ್ತು. ನಾಲ್ಕನೆಯದು, ಒಂದು ದೊಡ್ಡ ಕಂಡೆನ್ಸರ್ ಒಣಗಿಹೋಗಿತ್ತು. ಈ ಬಗೆಯ ಕಂಡೆನ್ಸರಿನೊಳಗೆ ಒಂದು ದ್ರವ ಇರುತ್ತದೆ. ವರ್ಷಗಳು ಕಳೆದ ಹಾಗೆ ಅದು ಆರುತ್ತದೆ. ಆಗ ಕರೆಂಟಿನ ಏರಿಳಿತವನ್ನು ಅದು ಸಮ ಮಾಡಲಾರದು. ಕರೆಂಟಿಗೆ ಹಾಕಿದರೆ 'ಗುಂಯ್' ಎನ್ನುವ, ಸೆಲ್ಲಿಗೆ ಹಾಕಿದರೆ 'ಪುಟ್ ಪುಟ್' ಎನ್ನುವ ರೇಡಿಯೋಗಳಲ್ಲಿ ಬಹಳ ಸಲ ತಪ್ಪು ಇದರದೇ. ಅಂಗಡಿಯವನು ಭಂಗಾರ್ ಎಂದದ್ದು ಇಷ್ಟಕ್ಕೆ.

ಕಂಡೆನ್ಸರ್ ತರಲು ಲ್ಯಾಮಿಂಗ್ಟನ್ ರೋಡಿಗೆ ಹೋಗಬೇಕು. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಡ್ಯೂಟಿ ಮುಗಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆ. 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರಿನ ಈ ರಸ್ತೆಗೆ ಈಗ ಡಾ. ದಾದಾಸಾಹೇಬ ಭಡಕಮಕರ ಮಾರ್ಗ ಎಂಬ ಹೆಸರಿದೆ. ಆದರೂ ಜನರ ಬಾಯಲ್ಲಿ ಅದು ಲ್ಯಾಮಿಂಗ್ಟನ್ ರೋಡೇ. ಸ್ವಿಚ್ಚು, ವೈರು ಬೇಕಾದರೆ ಲೋಹಾರ್ ಚಾಳು, ಪಾನಾ ಪಕ್ಕಡ್ ಬೇಕಾದರೆ ನಾಗದೇವಿ ಸ್ಟ್ರೀಟು, ರೇಡಿಯೋದ ಹೊಟ್ಟೆಯೊಳಗಿನದು ಬೇಕಾದರೆ ಇಲ್ಲಿಗೆ. ಮೊದಲ ಅಂಗಡಿಯಲ್ಲಿ "ಯಾರಿಗೆ ಬೇಕು? ಅವರನ್ನೇ ಕಳಿಸಿ" ಎಂದರು. ಎರಡನೆಯ ಅಂಗಡಿಯ ಮುದುಕ ಮಾತ್ರ ನನ್ನ ಚಿತ್ರವನ್ನು ಕನ್ನಡಕ ಏರಿಸಿಕೊಂಡು ನೋಡಿದರು, "ಚಿತ್ರ ಬರೆದು ತರುವ ಗಿರಾಕಿ ಈಗ ಸಿಗುವುದಿಲ್ಲ ಮಗಳೇ" ಎಂದು ಹಿಂದಿಯಲ್ಲಿ ಹೇಳಿ, ಎರಡು ಕಂಡೆನ್ಸರ್ ಕೊಟ್ಟರು. ನಾನು ಒಂದೇ ಕೇಳಿದ್ದೆ. "ಮೊದಲನೆಯದು ಹಾಳು ಮಾಡುತ್ತೀ" ಎಂದರು. ಎರಡಕ್ಕೂ ಸೇರಿ ಕೊಟ್ಟ ಹಣ ನನ್ನ ರೈಲಿನ ಖರ್ಚಿಗಿಂತ ಕಡಿಮೆ.

ಮುದುಕರ ಬಾಯಿ ನಿಜವಾಯಿತು. ಆ ಕಂಡೆನ್ಸರಿಗೆ ಒಂದು ಧನ, ಒಂದು ಋಣ ಎಂದು ಎರಡು ಕಾಲು. ಋಣದ ಬದಿಯಲ್ಲಿ ಒಂದು ಪಟ್ಟೆ ಬರೆದಿರುತ್ತದೆ. ಬೆಸುಗೆ ಹಾಕುವ ಸಂಭ್ರಮದಲ್ಲಿ ನಾನು ಪಟ್ಟೆಯನ್ನು ನೋಡಲೇ ಇಲ್ಲ, ಉಲ್ಟಾ ಕೂರಿಸಿದೆ. ಕರೆಂಟು ಕೊಟ್ಟು ಸ್ವಲ್ಪ ಹೊತ್ತಿಗೆ 'ಪಟ್' ಎಂದು ಸಿಡಿದು ಮನೆ ತುಂಬ ಸುಟ್ಟ ವಾಸನೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಆಯಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ನನ್ನ ಕಣ್ಣಲ್ಲಿ ನೀರು. ಅಪ್ಪ ಏನು ಮಾಡಿದರು ಗೊತ್ತೇ? ಮೊದಲು ಪ್ಲಗ್ಗು ಕಿತ್ತರು. ಆಮೇಲೆ ನಕ್ಕರು. ಎಷ್ಟೋ ತಿಂಗಳಿಂದ ಆ ನಗು ಮನೆಯಲ್ಲಿ ಕೇಳಿರಲಿಲ್ಲ. "ನಾನೂ ಎಷ್ಟು ಸಿಡಿಸಿದ್ದೇನೆ, ನಿನಗೆ ಹೇಳಿರಲಿಲ್ಲ" ಎಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಆ ದಾರ. ಡಯಲಿನ ದಾರ ಒಂದು ದೊಡ್ಡ ಚಕ್ರ, ಎರಡು ಮೂರು ಪುಟ್ಟ ರಾಟೆಗಳನ್ನು ಬಳಸಿಕೊಂಡು ಹೋಗಿ ಮತ್ತೆ ಚಕ್ರಕ್ಕೆ ಬರಬೇಕು, ನಡುವೆ ಒಂದು ಸ್ಪ್ರಿಂಗು ಅದನ್ನು ಬಿಗಿಯಾಗಿ ಹಿಡಿದಿರಬೇಕು. ಸುತ್ತಿದ ದಿಕ್ಕು ತಪ್ಪಿದರೆ ಮುಳ್ಳು ಉಲ್ಟಾ ಓಡುತ್ತದೆ, ಸುತ್ತು ಕಡಿಮೆಯಾದರೆ ದಾರ ಜಾರುತ್ತದೆ. ಒಂದು ಇಡೀ ಮಧ್ಯಾಹ್ನ ಹೋಯಿತು. ಅಪ್ಪ ನಡುಗುವ ಬೆರಳನ್ನು ಗಾಳಿಯಲ್ಲೇ ಸುತ್ತಿ ದಾರಿ ತೋರಿಸುತ್ತಿದ್ದರು. ಕೊನೆಗೆ ಗುಬ್ಬಿ ತಿರುಗಿಸಿದಾಗ ಮುಳ್ಳು ಎಡದಿಂದ ಬಲಕ್ಕೆ ನಿಧಾನವಾಗಿ ನಡೆದುಹೋಯಿತು. ನನಗೆ ಬಿ.ಎ. ಫಲಿತಾಂಶ ಬಂದ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ಶ್ರೋತೃಗಳೇ, ಈ ಸಂತೋಷ ಯಾಕೆ ಎಂದು ಆಮೇಲೆ ಬಹಳ ಯೋಚಿಸಿದೆ. ನಮ್ಮ ನಗರದ ಕೆಲಸಗಳನ್ನೇ ನೋಡಿ. ಬೆಳಿಗ್ಗೆ ಲೋಕಲ್ ಹಿಡಿದು ಹೋಗುತ್ತೇವೆ, ಫೈಲು ಸರಿಸುತ್ತೇವೆ, ಫೋನಿಗೆ ಉತ್ತರಿಸುತ್ತೇವೆ, ರಾತ್ರಿ ಮನೆಗೆ ಬಂದಾಗ 'ಇವತ್ತು ನಾನು ಏನು ಮಾಡಿದೆ' ಎಂದು ಬೆರಳಿಟ್ಟು ತೋರಿಸಲು ಏನೂ ಇರುವುದಿಲ್ಲ. ನನ್ನ ಕೆಲಸವಂತೂ ಬಾಯಿಂದ ಹೊರಟ ಕ್ಷಣಕ್ಕೇ ಗಾಳಿಯಲ್ಲಿ ಕರಗಿಹೋಗುವಂಥದ್ದು. ಆದರೆ ಬೆಸುಗೆ ಹಾಗಲ್ಲ. ಅದು ಹಿಡಿದಿದೆಯೋ ಇಲ್ಲವೋ ಎಂಬುದಕ್ಕೆ ಮೇಲಧಿಕಾರಿಯ ಅಭಿಪ್ರಾಯ ಬೇಕಿಲ್ಲ. ಹಿಡಿದಿದ್ದರೆ ಹಾಡು ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಇನ್ನೊಂದು ಕಾರಣವೂ ಇದೆ. ಮೈಕಲ್ ನಾರ್ಟನ್, ಡೇನಿಯಲ್ ಮೊಚನ್, ಡ್ಯಾನ್ ಏರಿಯಲಿ ಎಂಬ ಮೂವರು ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಜನರಿಂದ ಪೆಟ್ಟಿಗೆ ಜೋಡಿಸಿಸಿದರು, ಕಾಗದದ ಹಕ್ಕಿ ಮಡಿಸಿಸಿದರು. ಮಾಡಿದವರಿಗೆ ತಮ್ಮ ಸೊಟ್ಟ ಹಕ್ಕಿಗಳು ನುರಿತವರು ಮಾಡಿದ ಹಕ್ಕಿಗಳಷ್ಟೇ ಬೆಲೆಬಾಳುವಂತೆ ಕಂಡವಂತೆ. ನೋಡುವ ಬೇರೆಯವರಿಗೆ ಹಾಗೆ ಕಾಣಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮವರು ಎಂದೋ ಹೇಳಿದ್ದಾರೆ. ಸ್ವೀಡನ್ನಿನ ಐಕಿಯಾ ಮಳಿಗೆಯ ಹೆಸರಿನಿಂದ ಇದನ್ನು ಐಕಿಯಾ ಪರಿಣಾಮ ಎನ್ನುತ್ತಾರೆ. 2020ರ ಡಿಸೆಂಬರಿನಲ್ಲಿ ಆ ಮಳಿಗೆ ನಮ್ಮ ನವಿ ಮುಂಬಯಿಯ ತುರ್ಭೆಗೂ ಬಂತು. ಆದರೆ ಆ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಕೆಲಸ ಪೂರ್ತಿಯಾದರೆ ಮಾತ್ರ ಈ ಮಮತೆ, ಅರ್ಧಕ್ಕೆ ಬಿಟ್ಟರೆ ಇಲ್ಲ. ಮನೆಯ ಮೂಲೆಯಲ್ಲಿ ಬಿಚ್ಚಿಟ್ಟು ವರ್ಷವಾದ ಮಿಕ್ಸರ್ ಇರುವವರು ಇದನ್ನು ಗಮನಿಸಬೇಕು!

ಮನೆಯಲ್ಲಿ ಕೂತು ತಂತಿ ಜೋಡಿಸುವುದು ಸಣ್ಣ ಕೆಲಸ ಎಂದು ಯಾರಾದರೂ ಹೇಳಿದರೆ, ಅವರಿಗೆ ಮೈಸೂರಿನ ಕತೆ ಹೇಳಿ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ಆರಂಭಿಸಿದರು. ಅವರ ಟ್ರಾನ್ಸ್‌ಮಿಟರಿನ ಶಕ್ತಿ ಎಷ್ಟು? 30 ವಾಟ್. ನಮ್ಮ ಹಳೆಯ 40 ವಾಟಿನ ಬಲ್ಬಿಗಿಂತ ಕಡಿಮೆ. ಅವರು ಎಂಜಿನಿಯರ್ ಅಲ್ಲ, ಸರ್ಕಾರದ ಹಣವನ್ನು ಕಾದು ಕೂರಲೂ ಇಲ್ಲ. ಆ ಪುಟ್ಟ ಕೇಂದ್ರಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ಬಂತು. ಒಬ್ಬ ಮೇಷ್ಟ್ರ ಮನೆಯ ಕೇಂದ್ರಕ್ಕೆ ಇಟ್ಟಿದ್ದ ಹೆಸರು ಅದು. ಮೈಕಿನ ಮುಂದೆ ಕೂರುವಾಗ ನನಗೆ ಇದು ನೆನಪಾಗುತ್ತಿರುತ್ತದೆ.

ನಮ್ಮ ಮುಂಬಯಿಯ ಕತೆ ಇನ್ನೂ ರೋಚಕ. ಇಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ 1927ರ ಜುಲೈ 23ರಂದು ಆರಂಭವಾಯಿತು. ಹದಿನೈದು ವರ್ಷಗಳ ಬಳಿಕ, 'ಭಾರತ ಬಿಟ್ಟು ತೊಲಗಿ' ಚಳವಳಿಯ ದಿನಗಳಲ್ಲಿ, ನಾಯಕರೆಲ್ಲ ಜೈಲಿನಲ್ಲಿದ್ದಾಗ, 22 ವರ್ಷದ ಉಷಾ ಮೆಹ್ತಾ ಎಂಬ ವಿದ್ಯಾರ್ಥಿನಿ ಮತ್ತು ಆಕೆಯ ಸಂಗಡಿಗರು 1942ರ ಆಗಸ್ಟ್ 27ರಂದು ಗುಪ್ತ ಕಾಂಗ್ರೆಸ್ ರೇಡಿಯೋ ಶುರುಮಾಡಿದರು. ಯುದ್ಧದ ಕಾಲ, ಖಾಸಗಿ ಟ್ರಾನ್ಸ್‌ಮಿಟರುಗಳಿಗೆ ನಿಷೇಧ. ನರಿಮನ್ ಪ್ರಿಂಟರ್ ಎಂಬ ರೇಡಿಯೋ ತಂತ್ರಜ್ಞರು ಟ್ರಾನ್ಸ್‌ಮಿಟರ್ ಜೋಡಿಸಿಕೊಟ್ಟರು. ಪೊಲೀಸರಿಗೆ ಸಿಗದಂತೆ ಅದನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ಉಷಾ ಮೆಹ್ತಾ ನಾಲ್ಕು ವರ್ಷಗಳ ಶಿಕ್ಷೆಗೆ ಗುರಿಯಾದರು. ಕೈಯಲ್ಲಿ ಜೋಡಿಸಿದ ಒಂದು ಪೆಟ್ಟಿಗೆ ಸುಮಾರು ಎರಡೂವರೆ ತಿಂಗಳು ಒಂದು ಸಾಮ್ರಾಜ್ಯವನ್ನು ಕಾಡಿತ್ತು. ಇದನ್ನು ಕೇಳಿ ನಿಮ್ಮ ಮನೆಯಲ್ಲಿ ಟ್ರಾನ್ಸ್‌ಮಿಟರ್ ಮಾಡಲು ಹೊರಡಬೇಡಿ. ಕೇಳುವ ಪೆಟ್ಟಿಗೆಗೆ ಈಗ ಲೈಸೆನ್ಸ್ ಬೇಡ, ಪ್ರಸಾರ ಮಾಡಲು ಇಂದಿಗೂ ಬೇಕು. ಆಸಕ್ತಿಯಿದ್ದರೆ ಪರೀಕ್ಷೆ ಬರೆದು ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆಯಬಹುದು.

ಇನ್ನು ನಮ್ಮ ಮನೆಯ ಹೆಂಗಸರ ವಿಷಯ. ನಾನು ಸೋಲ್ಡರಿಂಗ್ ಹಿಡಿದದ್ದನ್ನು ನೋಡಿ ಅಮ್ಮ "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಎಂದರು. ಕುಕ್ಕರಿನ ರಬ್ಬರು, ಗ್ರೈಂಡರಿನ ಬೆಲ್ಟು, ಹೊಲಿಗೆ ಯಂತ್ರದ ಸೂಜಿ ಎಲ್ಲ ಬದಲಿಸುವವರು ಯಾರು? ಅಮ್ಮನೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಸೇರಿಸಿ ಕೌದಿ ಹೊಲಿದವರು ಯಾರು? ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಈಗ ದೂರದ ಪ್ರದರ್ಶನಗಳವರೆಗೂ ಹೋಗಿವೆ. ಗಂಡಸು ಸ್ಕ್ರೂಡ್ರೈವರ್ ಹಿಡಿದರೆ ಅದಕ್ಕೆ ಹವ್ಯಾಸ ಎಂಬ ಹೆಸರು, ಹೆಂಗಸು ಸೂಜಿ ಹಿಡಿದರೆ ಅದು ಮನೆಗೆಲಸ. ಈ ಮಾತು ಹೇಳಿದಾಗ ಅಮ್ಮ ಏನೂ ಅನ್ನಲಿಲ್ಲ. ಮರುದಿನ ತಮ್ಮ ಹೊಲಿಗೆ ಡಬ್ಬಿಯಿಂದ ಗಟ್ಟಿ ನೈಲಾನ್ ದಾರ ತಂದುಕೊಟ್ಟರು. ಡಯಲಿಗೆ ಕಟ್ಟಿದ್ದು ಅದೇ ದಾರ.

ಲೆಕ್ಕದ ಮಾತನ್ನೂ ಪ್ರಾಮಾಣಿಕವಾಗಿ ಹೇಳುತ್ತೇನೆ. ನಾಲ್ಕು ವಾರದ ರಜೆ, ರೈಲಿನ ಓಡಾಟ, ಸುಟ್ಟ ಬೆರಳು. ಹಣದ ದೃಷ್ಟಿಯಿಂದ ಇದು ಮೂರ್ಖತನವೇ. ಅಷ್ಟು ಹೊತ್ತಿನಲ್ಲಿ ಹೊಸ ರೇಡಿಯೋ ಕೊಂಡು ಕಳಿಸಬಹುದಿತ್ತು. ಆದರೆ 'ಹೊಸದು ಸಸ್ತಾ' ಎಂಬ ಲೆಕ್ಕದಲ್ಲಿ ಹಳೆಯದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು ಬರೆಯುವುದಿಲ್ಲ. ಹೀಗೆ ಎಸೆದ ಸಾಮಾನುಗಳನ್ನು ಯಾರೋ ಬರಿಗೈಯಲ್ಲಿ ಒಡೆದು, ತಂತಿ ಸುಟ್ಟು ತಾಮ್ರ ತೆಗೆಯುತ್ತಾರೆ. ಆ ಹೊಗೆ ಕುಡಿಯುವವರೂ ನಮ್ಮ ಊರಿನವರೇ. ಈಚೆಗೆ ಸರ್ಕಾರಗಳೂ ಇತ್ತ ಗಮನ ಕೊಟ್ಟಿವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಒಂದು ಸಮಿತಿ ನೇಮಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಬಿಡಿಭಾಗ, ರಿಪೇರಿಗಳ ಮಾಹಿತಿ ಸಿಗಲೆಂದು ಒಂದು ಜಾಲತಾಣವನ್ನೂ ತೆರೆಯಿತು. ನಮ್ಮ ಅಪ್ಪಂದಿರು ಡಬ್ಬಿಯಲ್ಲಿಟ್ಟು ಲಾಫ್ಟಿಗೆ ಹಾಕಿದ್ದು ಈಗ 'ಹಕ್ಕು' ಎಂಬ ಹೆಸರಿನಲ್ಲಿ ಕೆಳಗೆ ಇಳಿಯುತ್ತಿದೆ.

ನಿಮಗೂ ಕೈ ಹಾಕಬೇಕು ಅನ್ನಿಸಿದರೆ ಅಪ್ಪ ಹೇಳಿದ ನಾಲ್ಕು ಮಾತು ಕೇಳಿ. ಮೊದಲನೆಯದು, ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗು ಕೀಳಬೇಕು. ಎರಡನೆಯದು, ಕೆಲವನ್ನು ಬಿಚ್ಚಲೇಬಾರದು: ಮೈಕ್ರೋವೇವ್ ಒಲೆ, ಹಳೆಯ ಡಬ್ಬದ ಟಿ.ವಿ., ಗ್ಯಾಸಿನ ರೆಗ್ಯುಲೇಟರ್, ಮೀಟರ್ ಬೋರ್ಡು. ಮೈಕ್ರೋವೇವ್ ಮತ್ತು ಹಳೆಯ ಟಿ.ವಿ.ಯೊಳಗೆ ಪ್ಲಗ್ಗು ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತು ಕೂತಿರುತ್ತದೆ. ಮೂರನೆಯದು, ಹೊಸದನ್ನು ತರುವ ಮೊದಲು ಹಳೆಯದನ್ನು ಒರೆಸಿ ನೋಡಿ. ಅರ್ಧ ಕಾಯಿಲೆ ಧೂಳಿನದು. ಸೆಲ್ಲಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿದ್ದರೆ ಒಣ ಬ್ರಷ್ಷು, ಮರಳು ಕಾಗದ ಸಾಕು. ರೇಡಿಯೋ ಬಳಸದ ದಿನಗಳಲ್ಲಿ ಸೆಲ್ಲು ತೆಗೆದಿಡಿ. ನಾಲ್ಕನೆಯದು, ತಿಳಿಯದಿದ್ದರೆ ಮುಚ್ಚಿ ಇಡಿ, ತಿಳಿದವರನ್ನು ಕೇಳಿ. ಅದರಲ್ಲಿ ಅವಮಾನವಿಲ್ಲ.

ಬಿಚ್ಚದೆಯೇ ಮಾಡಬಹುದಾದ ಒಂದು ರಿಪೇರಿಯನ್ನೂ ಹೇಳುತ್ತೇನೆ. ಮೀಡಿಯಂ ವೇವಿನಲ್ಲಿ ಗೊರಗೊರ ಸದ್ದು ಎಂದು ನೀವು ಬರೆಯುತ್ತೀರಲ್ಲ, ಬಹಳ ಸಲ ಅದಕ್ಕೆ ಕಾರಣ ನಿಮ್ಮ ಮನೆಯ ಎಲ್‌ಇಡಿ ದೀಪ ಅಥವಾ ಮೊಬೈಲ್ ಚಾರ್ಜರು. ಒಂದೊಂದಾಗಿ ಆರಿಸಿ ನೋಡಿ, ಕಳ್ಳ ಸಿಕ್ಕಿಬೀಳುತ್ತಾನೆ. ರೇಡಿಯೋವನ್ನು ಕಿಟಕಿಯ ಹತ್ತಿರ ಇಡಿ. ಆಮೇಲೆ ಅದನ್ನು ನಿಧಾನವಾಗಿ ತಿರುಗಿಸಿ. ಒಳಗೆ ತಾಮ್ರದ ತಂತಿ ಸುತ್ತಿದ ಕರಿಯ ಫೆರೈಟ್ ಕಡ್ಡಿಯೊಂದಿದೆ, ಅದೇ ಮೀಡಿಯಂ ವೇವಿನ ಆಂಟೆನಾ. ಆ ಕಡ್ಡಿಯ ತುದಿ ಕೇಂದ್ರದ ಕಡೆಗಿದ್ದರೆ ಸದ್ದು ಕುಗ್ಗುತ್ತದೆ, ಮಗ್ಗುಲು ಅತ್ತ ತಿರುಗಿದರೆ ಏರುತ್ತದೆ. ಕಾಲು ಸುತ್ತು ತಿರುಗಿಸಿದ್ದಕ್ಕೇ ನಮ್ಮ ದನಿ ಸ್ಪಷ್ಟವಾದೀತು.

ಅಂಬರನಾಥದ ರೇಡಿಯೋ ಏನಾಯಿತು ಎಂದು ಕೇಳುತ್ತೀರಿ. ಮೀಡಿಯಂ ವೇವ್ ಬಂತು. ಶಾರ್ಟ್ ವೇವ್ ಮಾತ್ರ ಬರಲೇ ಇಲ್ಲ. ಅಪ್ಪನಿಗೂ ಅದರ ಕಾರಣ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಚೀಟಿ ಬರೆದು, ಲೈಸೆನ್ಸಿನ ಪುಸ್ತಕವನ್ನು ಮತ್ತೆ ಅದೇ ಜೇಬಿನಲ್ಲಿಟ್ಟು ಕಳಿಸಿದೆವು. ಎರಡು ವಾರದ ಮೇಲೆ ಪತ್ರ ಬಂತು. ನಾನು ಧನ್ಯವಾದವನ್ನು ನಿರೀಕ್ಷಿಸಿದ್ದೆ. "ಈಗ ಸ್ವಚ್ಛ ಕೇಳಸ್ತದ" ಎಂದು ಆರಂಭಿಸಿ, "ಅದಕ್ಕ ಹೇಳತೀನಿ, ಸೋಮವಾರದ ಕಾರ್ಯಕ್ರಮದಾಗ ನೀವು ಎರಡು ಕಡೆ ಮಹಾಪ್ರಾಣ ನುಂಗಿದಿರಿ, ತಿದ್ದಿಕೊಳ್ರಿ" ಎಂದು ಮುಗಿಸಿದ್ದರು! ಪತ್ರವನ್ನು ಅಪ್ಪನಿಗೆ ಓದಿದೆ. "ಕಾಂಡ್ಯಾ? ಅವ್ರೂ ನಿನ್ನ ಬಿಚ್ಚಿ ಕಂಡ್ರ್" ಎಂದರು.

ಅಪ್ಪನ ಕೈ ಗುಣವಾಗಿಲ್ಲ, ಅದು ಆಗುವಂಥದ್ದೂ ಅಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ತಗಡಿನ ಡಬ್ಬಿ ಈಗ ಲಾಫ್ಟಿನ ಮೇಲಿಲ್ಲ, ಮಂಚದ ಕೆಳಗಿದೆ. ಕಳೆದ ತಿಂಗಳು ಪಕ್ಕದ ಮನೆಯ ಕಾಕೂ ತಮ್ಮ ಮಿಕ್ಸರ್ ಹಿಡಿದು ಬಂದಾಗ, ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಆ ಹಳೆಯ ಮಾತು ಕೇಳಿಸಿತು. ನಾನು ಪೇಪರ್ ಹಾಸಿದೆ.

ನಿಮ್ಮ ಮನೆಯಲ್ಲೂ ಯಾವುದೋ ಒಂದು ಪೆಟ್ಟಿಗೆ ಮೂಲೆ ಸೇರಿರಬಹುದು. ಅದನ್ನು ರಿಪೇರಿ ಮಾಡಬಲ್ಲ ಹಿರಿಯರೊಬ್ಬರು ಅದೇ ಮನೆಯ ಇನ್ನೊಂದು ಮೂಲೆಯಲ್ಲಿ ಸುಮ್ಮನೆ ಕೂತಿರಲೂಬಹುದು. ಬರುವ ಭಾನುವಾರ ಇಬ್ಬರನ್ನೂ ಒಂದೇ ಪೇಪರಿನ ಹತ್ತಿರ ತನ್ನಿ. ರಿಪೇರಿ ಆಗಲಿ, ಬಿಡಲಿ, ಏನಾಯಿತು ಎಂದು ನಮಗೆ ಬರೆಯಿರಿ. ಮುಂದಿನ ಪತ್ರೋತ್ತರ ಕಾರ್ಯಕ್ರಮದಲ್ಲಿ ಓದುತ್ತೇನೆ. ಮಹಾಪ್ರಾಣಗಳನ್ನು ನುಂಗದೆ ಓದುತ್ತೇನೆ.